ನರ್ಸಬಾಯಾರು ಒಮ್ಮೆ ಮಾತ್ರ ಆಡಿದ ಹೆಸರು

ಕಳೆದ ತಿಂಗಳು ಊರಿಗೆ ಹೊರಡುವ ಮುಂಚೆ ಸೂಟ್‌ಕೇಸು ಇಳಿಸೋಣವೆಂದು ಸ್ಟೂಲು ಹತ್ತಿ ಬೀರುವಿನ ಮೇಲೆ ಕೈಯಾಡಿಸಿದೆ. ಸೂಟ್‌ಕೇಸಿನ ಹಿಂದೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟದ್ದೇನೋ ಕೈಗೆ ತಾಗಿತು. ಬಿಚ್ಚಿದರೆ ಖರ್ಜೂರದ ಗರಿಯಿಂದ ಹೆಣೆದ ಅಗಲವಾದ ಮೊರ. ಇಲ್ಲಿನ ಓಮಾನಿ ಹೆಂಗಸರು ಅಕ್ಕಿ ಕೇರಲು, ಖರ್ಜೂರ ಒಣಹಾಕಲು ಬಳಸುವಂಥದ್ದು. ಅಂಚು ಬಿಚ್ಚಿಕೊಂಡಿತ್ತು. ಮೂಗಿನ ಹತ್ತಿರ ಹಿಡಿದೆ. ಒಣಗರಿಯ ವಾಸನೆಯ ಒಳಗೆಲ್ಲೋ ಚೂರು ಡೆಟ್ಟಾಲು, ಚೂರು ಬೇಬಿ ಪೌಡರು… ಇಷ್ಟು ವರ್ಷ ವಾಸನೆ ಉಳಿಯುತ್ತದೆಯೇ, ನನ್ನ ಭ್ರಮೆಯೇ, ಗೊತ್ತಿಲ್ಲ. ಸ್ಟೂಲಿನಿಂದ ಇಳಿದು ಅದರ ಮೇಲೆಯೇ ಕೂತುಬಿಟ್ಟೆ. ಮೇಲಿನ ಮನೆಯ ನರ್ಸಬಾಯಾರು ನೆನಪಾದರು.

ನಮ್ಮ ಗದಗಿನ ಕಡೆ ದವಾಖಾನೆಯ ನರ್ಸಮ್ಮನನ್ನು ಹಾಗೇ ಕರೆಯುವುದು, ನರ್ಸಬಾಯಾರು ಅಂತ. ಅವರಿಗೂ ಒಂದು ಹೆಸರಿತ್ತು, ಇಲ್ಲವೆಂದಲ್ಲ. ಆದರೆ ನಾನು ಒಂದು ದಿನವೂ ಆ ಹೆಸರು ಹಿಡಿದು ಕರೆದವಳಲ್ಲ. ಹಿರಿಯರು, ಮೇಲಾಗಿ ನಮ್ಮ ಕಡೆಯವರು.

ಎರಡು ಸಾವಿರದ ಇಸವಿಯ ಈಚೆಗೆ, ಮದುವೆಯಾದ ಹೊಸತರಲ್ಲಿ, ನಾನು ಓಮಾನಿಗೆ ಬಂದೆ. ನನ್ನ ಗಂಡ ರುಸೈಲ್ ಕಡೆಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ನಾವು ಮನೆ ಹಿಡಿದ ಅಲ್ ಮಬೇಲಾದಲ್ಲಿ ಆಗ ಅರ್ಧ ಮನೆಗಳು ಎದ್ದಿದ್ದವು, ಇನ್ನರ್ಧ ಸಿಮೆಂಟಿನ ಚೀಲಗಳಾಗಿ ರಸ್ತೆಬದಿ ಬಿದ್ದಿದ್ದವು. ನಮ್ಮ ಮನೆಯ ಹಿಂದೆಯೇ ಗ್ಯಾರೇಜುಗಳ ಸಾಲು. ಬೆಳಗಾದರೆ ತಗಡು ಬಡಿಯುವ ಸದ್ದು. ಒಂದು ದಿನ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತ, ಕೆಳಗೆ ಕಾರು ತೊಳೆಯುತ್ತಿದ್ದ ಗಂಡನನ್ನು ನಮ್ಮ ಭಾಷೆಯಲ್ಲಿ ಜೋರಾಗಿ ಬೈಯುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಯಾವೂರವಾ ತಂಗಿ?"

ತಿರುಗಿ ನೋಡಿದರೆ ಎತ್ತರದ ಹೆಂಗಸು. ಬಿಗಿಯಾಗಿ ಹೆಣೆದ ಅರೆನರೆತ ಜಡೆ, ಕಾಲಲ್ಲಿ ಬಿಳಿಯ ಕ್ಯಾನ್ವಾಸ್ ಬೂಟು. ನಾನು "ಗದಗರೀ" ಅಂದೆ. ಅವರು ಸೊಂಟದ ಮೇಲೆ ಕೈಯಿಟ್ಟು ನಕ್ಕರು. "ನಾ ಬೆಟಗೇರಿ. ನಡುವ ರೈಲಿನ ಹಳಿ ಒಂದ. ಊರಿಗೆ ಬಂದಾಕಿ ನೀರಿಗೆ ಬರಲೇಬೇಕಲ್ಲವಾ, ಎಷ್ಟ ದಿನಾ ಅಡಗಿ ಕುಂದರತಿದ್ದಿ?"

ಅಲ್ಲಿಂದ ಶುರುವಾಯಿತು. ಅವರು ಇಲ್ಲಿನ ಸರಕಾರಿ ದವಾಖಾನೆಯೊಂದರ ಹೆರಿಗೆ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದವರು. ಗಂಡ ತೀರಿಹೋಗಿದ್ದರು. ಒಬ್ಬಳೇ ಮಗಳು ಹುಬ್ಬಳ್ಳಿಯಲ್ಲಿ, ಅವಳಿಗೆ ಹೈಸ್ಕೂಲು ಓದುವ ಇಬ್ಬರು ಗಂಡುಮಕ್ಕಳು. ಮಾತು ಒರಟು. ನಾನು ಮಾಡಿದ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಇದು ರೊಟ್ಟಿ ಏನ, ಗ್ಯಾರೇಜಿನ ತಗಡೇನ?" ಅಂದರೂ ನಾಲ್ಕು ರೊಟ್ಟಿ ತಿಂದೇ ಏಳುತ್ತಿದ್ದರು.

ಅವರ ಮನೆಯ ಟೀವಿಯ ಮೇಲೆ ಗಂಡನ ಫೋಟೋ ಇತ್ತು. ದಪ್ಪ ಮೀಸೆಯ, ನಗುಮುಖದ ಮನುಷ್ಯ. ನರ್ಸಬಾಯಾರು ಅವರ ಬಗ್ಗೆ ತಾಸುಗಟ್ಟಲೆ ಮಾತಾಡುವರು, ಆದರೆ ಬರೀ "ನಮ್ಮವರು", "ನಮ್ಮವರು". ಒಮ್ಮೆ ಕೇಳಿದೆ, "ಅವರ ಹೆಸರೇನ್ರೀ?"

"ಓದಾಕ ಬರಂಗಿಲ್ಲೇನ ನಿನಗ? ಕೆಳಗ ಬರದಾರಲ್ಲ."

ಫೋಟೋದ ಕಟ್ಟಿನ ಅಡಿಯಲ್ಲಿ ಬಿಳಿ ಬಣ್ಣದ ಕನ್ನಡ ಅಕ್ಷರಗಳಿದ್ದವು. ಓದಿದೆ: ಗೊಟ್ಲೀಬ್. ತಡೆಯಲಾಗದೆ ನಗು ಬಂತು. "ಇದೆಂಥಾ ಹೆಸರ್ರೀ ಯವ್ವಾ!"

"ಎಂಥಾದ್ದಂದ್ರ? ಜರ್ಮನ್ ಹೆಸರು. ದೇವರಿಗೆ ಪ್ರೀತಿ ಆದಾಂವ ಅಂತ ಅರ್ಥ. ನಮ್ಮ ಓಣ್ಯಾಗಿನ ಮಂದಿ ಅದಕ್ಕೊಂದು 'ಅಪ್ಪ' ಹಚ್ಚಿ ನಮ್ಮದ ಮಾಡಿಕೊಂಡಾರ."

"ಗೊಟ್ಲಪ್ಪ?" ಅಂದೆ.

"ಹೂಂ," ಅಂದರು, ಮುಖ ಕೆಂಪಾಗಿಸಿಕೊಂಡು. ಅಷ್ಟು ವಯಸ್ಸಾದ ಹೆಂಗಸು ಹೊಸ ಮದುಮಗಳ ಹಾಗೆ ಸೆರಗು ಬಾಯಿಗೆ ಹಿಡಿದದ್ದನ್ನು ನೋಡಿ ನನಗೆ ಅರ್ಥವಾಯಿತು. ಅವರು ಗಂಡನ ಹೆಸರು ಹೇಳುವವರಲ್ಲ. ಹೆಂಡತಿ ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುವುದು ನಮ್ಮಲ್ಲಿ ಜಾತಿ ಧರ್ಮ ಭೇದವಿಲ್ಲದ ನಂಬಿಕೆ. ಮದುವೆಯಲ್ಲಿ ಒಡಪು ಕಟ್ಟಿ ಗಂಡನ ಹೆಸರು ಹೇಳು ಎಂದು ಓರಗೆಯವರೆಲ್ಲ ಕಾಡಿದಾಗಲೂ ಬಾಯಿ ಬಿಡದೆ ಅಡುಗೆಮನೆಗೆ ಓಡಿಹೋಗಿದ್ದರಂತೆ. "ಈಗ ಅವರೇ ಇಲ್ಲ, ಇನ್ನ್ಯಾಕ ಅಂಜಿಕಿ?" ಅಂದೆ. "ನಾಲಿಗಿ ಏಳಂಗಿಲ್ಲವಾ," ಅಂದರು ಅಷ್ಟೇ.

ಆ ಹೆಸರು ಬೆಟಗೇರಿಗೆ ಬಂದ ಕತೆಯನ್ನು ಒಂದು ಶುಕ್ರವಾರ, ಮೆಂತ್ಯೆ ಸೊಪ್ಪು ಬಿಡಿಸುತ್ತ ಹೇಳಿದರು. ಅವರ ಗಂಡನ ಮುತ್ತಜ್ಜ ಹುಟ್ಟಿದ ಕಾಲದ ಮಾತು. ಅವರದು ನೇಕಾರರ ಮನೆ. ಆ ಮನೆಯಲ್ಲಿ ಹುಟ್ಟಿದ ಕೂಸುಗಳೆಲ್ಲ ಒಂದರ ಹಿಂದೊಂದು ಸತ್ತವಂತೆ. ಹಾಗಾದಾಗ ನಮ್ಮ ಕಡೆ ಒಂದು ಪದ್ಧತಿ ಇದೆ. ಹೊಸ ಕೂಸನ್ನು ಮೊರದಲ್ಲಿ ಹಾಕಿ ತಿಪ್ಪೆಯ ಬದಿಗೆ ಇಡುತ್ತಾರೆ. ಈ ಕೂಸು ನಮಗೆ ಬೇಡವಾದದ್ದು ಎಂದು ಸಾವಿಗೆ ತೋರಿಸುವುದು. ಮೊದಲೇ ಗೊತ್ತುಮಾಡಿದ ನೆರೆಮನೆಯವಳು ಬಂದು ಎತ್ತಿಕೊಳ್ಳುತ್ತಾಳೆ. ಎತ್ತಿದವಳೇ ತಾಯಿ, ಅವಳು ಇಟ್ಟದ್ದೇ ಹೆಸರು. ಆಮೇಲೆ ಹೆತ್ತವಳು ಒಂದು ಬೊಗಸೆ ತೌಡು ಕೊಟ್ಟು ಕೂಸನ್ನು ಕೊಂಡುಕೊಳ್ಳುತ್ತಾಳೆ. ತಿಪ್ಪಣ್ಣ, ಫಕೀರಪ್ಪ ಎಂಬ ಹೆಸರಿನವರಲ್ಲಿ ಎಷ್ಟೋ ಮಂದಿ ಹೀಗೆ ಬದುಕಿಕೊಂಡವರು.

ಆ ದಿನ ನೆರೆಮನೆಯವಳು ಬರುವುದು ತಡವಾಯಿತಂತೆ. ಆ ದಾರಿಯಲ್ಲಿ ಬೆಟಗೇರಿಯ ಮಿಶನ್ನಿನಲ್ಲಿದ್ದ ಜರ್ಮನ್ ಪಾದ್ರಿಯ ಹೆಂಡತಿ ಬರುತ್ತಿದ್ದಳು. ಅವಳಿಗೆ ಈ ಪದ್ಧತಿ ಏನು ಗೊತ್ತು? ಯಾರೋ ಪಾಪಿಗಳು ಕೂಸನ್ನು ತಿಪ್ಪೆಗೆ ಎಸೆದು ಹೋಗಿದ್ದಾರೆಂದು ಹೌಹಾರಿ, ಮೊರ ಸಮೇತ ಎತ್ತಿಕೊಂಡು ಬಂಗಲೆಗೆ ಓಡಿದಳು. ಹಿಂದೆ ನೇಕಾರರ ಓಣಿಗೆ ಓಣಿಯೇ ಓಡಿತು! ಬಂಗಲೆಯ ಬಾಗಿಲಲ್ಲಿ ಬಾಣಂತಿ ಅತ್ತು ಕರೆದು, ಮುರುಕು ಕನ್ನಡದಲ್ಲಿ ಮಾತಾಗಿ, ಕಡೆಗೆ ಪಾದ್ರಿಯ ಹೆಂಡತಿಗೆ ವಿಷಯ ತಿಳಿಯಿತು. ಅವಳು ಕೂಸನ್ನು ಕೊಡಲು ಹೋದರೆ ಬಾಣಂತಿ ತೆಗೆದುಕೊಳ್ಳಲೊಲ್ಲಳು. "ಎತ್ತಿದಾಕಿ ನೀ. ಹೆಸರಿಟ್ಟು ಕೊಡು," ಅಂದಳಂತೆ. ಪಾದ್ರಿಯ ಹೆಂಡತಿ ಹೋದ ಬೇಸಿಗೆಯಲ್ಲಷ್ಟೇ ತನ್ನ ಒಬ್ಬನೇ ಮಗನನ್ನು ಜ್ವರಕ್ಕೆ ಕಳೆದುಕೊಂಡಿದ್ದಳು. ಅವನ ಹೆಸರನ್ನೇ ಇಟ್ಟು ಕೊಟ್ಟಳು.

"ಕೂಸು ಬದಕ್ತು ನೋಡವಾ. ಎಂಬತ್ತು ದಾಟಿ ಬದಕ್ತು. ಅವತ್ತಿನಿಂದ ಆ ಮನ್ಯಾಗ ತಲಿಮಾರಿಗೊಬ್ಬ ಆ ಹೆಸರಿನಾಂವ. ಆಮ್ಯಾಲ ಅವರು ಕಿರಸ್ತಾನರಾದ್ರು, ಅದು ಬ್ಯಾರೆ ಮಾತು."

ನರ್ಸಬಾಯಾರ ಕೈ ಸೊಪ್ಪಿನ ಮೇಲೆ ನಿಂತಿತು. ಅವರ ಸಂಕಟ ಇದ್ದದ್ದು ಇದರ ಮುಂದೆ. ಅವರಿಗೆ ಗಂಡುಮಗ ಹುಟ್ಟಲಿಲ್ಲ. ಮಗಳಿಗೆ ಇಬ್ಬರು ಗಂಡುಮಕ್ಕಳಾದಾಗ, ಎರಡು ಸಲವೂ, ಆ ಹೆಸರಿಡು ಎಂದು ಬೇಡಿಕೊಂಡರು. ಸಾಲೆಯಲ್ಲಿ ಹುಡುಗರು ನಗುತ್ತಾರೆ ಎಂದು ಮಗಳು ಒಪ್ಪಲಿಲ್ಲ. ಹೊಸ ಫ್ಯಾಷನ್ನಿನ ಹೆಸರುಗಳನ್ನು ಇಟ್ಟಳು. "ತಾಯಿಯ ಮಾತ ನಡೀಲಿಲ್ಲ, ಹೋಗಲಿ. ಆದ್ರ ಹೆಸರು ನಮ್ಮವರ ಜೊತಿಗೇ ಮಣ್ಣಾತಲ್ಲವಾ… ಆಗಬಾರದಿತ್ತು ಅದು," ಅಂದು ಕಣ್ಣೊರೆಸಿಕೊಂಡರು. ಅವರು ಅತ್ತದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ.

ನನ್ನ ಪಾಡೂ ಬೇರೆಯಿರಲಿಲ್ಲ. ಮೊದಲನೆಯ ಬಸಿರು ನಿಲ್ಲಲಿಲ್ಲ. ಎರಡನೆಯದು ಹೆಣ್ಣು, ತಿಂಗಳು ತುಂಬಿ ಹುಟ್ಟಿತು. ಮನೆಗೆ ತರುವ ಮುಂಚೆಯೇ ಹೋಯಿತು. ಆಗ ನನ್ನನ್ನು ಹಿಡಿದು ಕೂತವರು ನರ್ಸಬಾಯಾರು. ಊರಿನಿಂದ ಯಾರೂ ಬರುವಂತಿರಲಿಲ್ಲ. ಅವರು ರಜೆ ಹಾಕಿ ಬಂದು, ಬಾಣಂತನಕ್ಕೆ ಏನೇನು ಮಾಡಬೇಕೋ ಎಲ್ಲ ಮಾಡಿದರು, ಕೂಸಿಲ್ಲದ ಬಾಣಂತನ… ಅದನ್ನು ಹೆಚ್ಚು ಬರೆಯಲಾರೆ.

ಮೂರನೆಯ ಸಲ ಬಸಿರಾದಾಗ ಸಂತೋಷಕ್ಕಿಂತ ಭಯವೇ ಹೆಚ್ಚಾಗಿತ್ತು. ಗದಗಿನಿಂದ ಅತ್ತೆಯ ಫೋನು ಬಂತು. ನಮ್ಮ ಅತ್ತೆ ಮಾತಿಗೆ ನಿಂತರೆ ಫೋನು ಬೇಕಿಲ್ಲ, ಗದಗಿನಿಂದಲೇ ಕೇಳಿಸೀತು. "ಈ ಸಲ ನಾ ಹೇಳಿದ್ದ ಆಗಬೇಕು. ಕೂಸಿನ್ನ ತಿಪ್ಪಿಗೆ ಹಾಕಿ ಎತ್ತಸ್ರಿ. ಗಂಡಾದ್ರ ತಿಪ್ಪಣ್ಣ, ಹೆಣ್ಣಾದ್ರ ತಿಪ್ಪವ್ವ. ಖಲಾಸ್!" ಮಗ ಗಲ್ಫಿನಲ್ಲಿದ್ದುದರಿಂದ ಅವರ ಬಾಯಿಗೆ ಈ ಒಂದು ಅರಬ್ಬಿ ಮಾತು ಹತ್ತಿತ್ತು.

ನನ್ನ ಗಂಡ ಹಾರಾಡಿದ. "ಇಂಡಿಯನ್ ಸ್ಕೂಲಿನ್ಯಾಗ ತಿಪ್ಪಣ್ಣ ಅಂತ ಹೆಸರು ಹಚ್ಚಲೇನ? ಮತ್ತ ಇಲ್ಲಿ ತಿಪ್ಪಿ ಎಲ್ಲಿಂದ ತರಲಿ?" ತಿಪ್ಪೆಯಂತೂ ಇರಲಿಲ್ಲ. ಇದ್ದದ್ದು ರಸ್ತೆ ತಿರುವಿನಲ್ಲಿ ಬಲದಿಯಾದವರು, ಅಂದರೆ ಇಲ್ಲಿನ ಪುರಸಭೆಯವರು, ಇಟ್ಟ ದೊಡ್ಡ ಕಸದ ಡಬ್ಬಿ. ನರ್ಸಬಾಯಾರು ನಕ್ಕು ನಕ್ಕು ಸುಸ್ತಾದರು. ನಗು ನಿಂತ ಮೇಲೆ ನನ್ನ ಕೈ ಹಿಡಿದು, "ಎತ್ತಾಕ ನಾ ಅದೀನಿ. ನಿಮ್ಮತ್ತಿಗೆ ಹೇಳು," ಅಂದರು.

ಆ ನಡುವೆ ನನ್ನ ಗಂಡನ ಕಾರ್ಖಾನೆಗೆ ಹೊಸ ಯಂತ್ರ ಕೂಡಿಸಲು ಜರ್ಮನಿಯ ಎಂಜಿನಿಯರೊಬ್ಬ ಬಂದಿದ್ದ. ಊಟದ ಹೊತ್ತಿನಲ್ಲಿ ನನ್ನ ಗಂಡ ತಮಾಷೆಗೆ, ನಮ್ಮ ಮೇಲಿನ ಮನೆಯವರ ಗಂಡನ ಹೆಸರು ನಿಮ್ಮ ಕಡೆಯದೇ ಎಂದು ಹೇಳಿದನಂತೆ. ಆ ಮನುಷ್ಯ ತಿನ್ನುವುದನ್ನು ಬಿಟ್ಟು ದಿಟ್ಟಿಸಿದನಂತೆ. ಅದು ಬಹಳ ಹಳೆಯ ಹೆಸರಂತೆ. ಹಿಂದಿನ ಕಾಲದಲ್ಲಿ ಬೇರೆ ರೂಪವಿತ್ತಂತೆ, ಆಮೇಲೆ ಭಕ್ತಿಯುಳ್ಳ ಜನ ಅದನ್ನು ತಿದ್ದಿ, ದೇವರು ಮತ್ತು ಪ್ರೀತಿ ಎಂಬ ಎರಡು ಮಾತು ಕೂಡಿಸಿ ಇಟ್ಟುಕೊಂಡರಂತೆ. ಒಂದಾನೊಂದು ಕಾಲಕ್ಕೆ ಅವನ ಸೀಮೆಯ ಹಳ್ಳಿಗಳಲ್ಲಿ ಓಣಿಗೊಬ್ಬ ಆ ಹೆಸರಿನವನು ಇದ್ದನಂತೆ. ಅವನ ಅಜ್ಜನ ಅಜ್ಜನಿಗೂ ಅದೇ ಹೆಸರು. "ಆದರೆ ಈಗ ಯಾರೂ ಇಡುವುದಿಲ್ಲ. ನಾನು ಓದಿದ ಶಾಲೆಯಲ್ಲಿ ಒಬ್ಬನೂ ಇರಲಿಲ್ಲ. ಗೋರಿಕಲ್ಲುಗಳ ಮೇಲೆ ಓದಿದ್ದೇನೆ, ಅಷ್ಟೇ," ಅಂದನಂತೆ.

ನನ್ನ ಗಂಡ ಇದನ್ನು ನರ್ಸಬಾಯಾರಿಗೆ ಖುಷಿಯಾಗಲೆಂದು ಹೇಳಿದ. ಅವರು ನಮ್ಮ ಮನೆಯಲ್ಲೇ ಉಣ್ಣುತ್ತಿದ್ದರು. ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಯಿತು.

"ಅಲ್ಲೂ ಇಲ್ಲಂತೇನು?"

"ಇಲ್ಲಂತರೀ."

"ಅಲ್ಲೆರ ರಗಡ ಮಂದಿ ಇರಬೇಕು ಅಂತ ತಿಳದಿದ್ದೆ. ನಮ್ಮ ಮನ್ಯಾಗ ಮುಗದ್ರ ಏನಾತು, ಹುಟ್ಟಿದೂರಾಗ ಐತಲ್ಲ ಅಂತ…" ಕೈ ತೊಳೆದುಕೊಂಡು ಮೇಲೆ ಹೋದರು. ನನ್ನ ಗಂಡ ಮುಖ ಸಣ್ಣದು ಮಾಡಿಕೊಂಡು ಕೂತ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟೇಕೆ ಎಂದು ಅವನಿಗೆ. ನನಗೆ ಸಣ್ಣದೆನಿಸಲಿಲ್ಲ. ಹೆಸರಿಲ್ಲದೆ ಹೋದ ಒಂದು ಕೂಸಿನ ತಾಯಿ ನಾನು.

ಗಂಡು ಹುಟ್ಟಿತು. ದಪ್ಪಗೆ, ಕೆಂಪಗೆ, ಕಿವಿ ಕಿತ್ತುಹೋಗುವ ಹಾಗೆ ಅಳುವ ಕೂಸು. ಹೆರಿಗೆ ಮಾಡಿಸಿದವರು ನರ್ಸಬಾಯಾರೇ. ಮನೆಗೆ ಬಂದ ಮೇಲೆ ಅತ್ತೆಯ ಮಾತು ನಡೆಸುವ ಸಿದ್ಧತೆ ಆಯಿತು. ಮೊರ ಬೇಕಿತ್ತು. ಓಣಿಯ ತುದಿಯಲ್ಲಿ ಮಂಗಳೂರು ಕಡೆಯ ಬ್ಯಾರಿಯೊಬ್ಬರ ಕಿರಾಣಿ ಅಂಗಡಿ. ಅವರು ತಲೆ ಕೆರೆದುಕೊಂಡು, "ನಮ್ಮ ಊರಿನ ಮೊರ ಇಲ್ಲಿ ಎಲ್ಲಿ ಸಿಗ್ತದೆ ಅಕ್ಕ? ನಾಳೆ ನನಗೆ ರುಸ್ತಾಕಿಗೆ ಹೋಗ್ಲಿಕ್ಕುಂಟು, ಅಲ್ಲಿ ಸಂತೆಯಲ್ಲಿ ನೋಡ್ತೇನೆ," ಅಂದರು. ತಂದದ್ದು ಈ ಖರ್ಜೂರದ ಗರಿಯದು. ತೌಡು ಸಿಗಲೇ ಇಲ್ಲ. ಓಟ್ಸ್ ನಡೆಯುತ್ತದೆಂದು ನರ್ಸಬಾಯಾರು ತೀರ್ಪು ಕೊಟ್ಟರು.

ಹಿಂದಿನ ದಿನ ನಾನೇ ಅವರಿಗೆ ಹೇಳಿದೆ. "ಎತ್ತಿದವರು ಇಟ್ಟದ್ದೇ ಹೆಸರಲ್ಲರೀ. ನಿಮ್ಮ ಮನಸ್ಸಿನ್ಯಾಗ ಇದ್ದದ್ದನ್ನ ಇಡ್ರಿ. ನನಗ ಒಪ್ಪಿಗಿ ಐತಿ."

ಅವರು ಬಹಳ ಹೊತ್ತು ಕೂಸಿನ ಮುಖವನ್ನೇ ನೋಡಿದರು. ಆಸೆ ಎಷ್ಟಿತ್ತೆಂದು ನನಗೆ ಗೊತ್ತಾಗುತ್ತಿತ್ತು. ಆಮೇಲೆ ತಲೆಯಾಡಿಸಿದರು. "ಬ್ಯಾಡವಾ. ಮಂದಿ ಕೂಸಿನ ಮ್ಯಾಲೆ ನಮ್ಮನಿ ಆಸೆ ಹೊರಸಬಾರದು. ನಿಮ್ಮತ್ತಿ ಅಲ್ಲೆ ದಾರಿ ಕಾಯಾಕ ಹತ್ಯಾಳ. ನಾ ತಿಪ್ಪಣ್ಣ ಅಂತನ ಕರೀತೀನಿ." ಎಷ್ಟು ಒತ್ತಾಯಿಸಿದರೂ ಕೇಳಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗಿತ್ತು ಅವರ ಮುಖ.

ಮರುದಿನ ಬೆಳಗ್ಗೆ ಬಿಸಿಲೇರುವ ಮುಂಚೆ ನಮ್ಮ ಮೆರವಣಿಗೆ ಹೊರಟಿತು. ಕಸದ ಡಬ್ಬಿಯ ಸುತ್ತಲ ನೆಲವನ್ನು ನರ್ಸಬಾಯಾರು ಆಗಲೇ ಡೆಟ್ಟಾಲು ಹಾಕಿ ತೊಳೆದಿದ್ದರು. ಮೊರಕ್ಕೂ ಅದೇ ಸ್ನಾನ ಆಗಿತ್ತು. ಪದ್ಧತಿಯ ಪ್ರಕಾರ ಹೆತ್ತವರು ಕೂಸನ್ನಿಟ್ಟು ಹಿಂತಿರುಗಿ ನೋಡದೆ ಹೋಗಬೇಕು. ನಾನು ಕೂಸನ್ನು ಮೊರದಲ್ಲಿ ಮಲಗಿಸಿ, ನೆಲದ ಮೇಲಿಟ್ಟು, ಹೆಜ್ಜೆ ಕಿತ್ತೆ. ಹಿಂತಿರುಗಿ ನೋಡದಿರುವುದು ಎಂಥ ಕಷ್ಟ ಎಂದು ಅವತ್ತು ಗೊತ್ತಾಯಿತು. ಗಂಡ ಕಾರಿನ ಬಾಗಿಲು ತೆರೆದು, ಯಾವ ಬೆಕ್ಕಾದರೂ ಬಂದರೆ ಓಡಿಸಲು ತಯಾರಾಗಿ ನಿಂತಿದ್ದ. ನರ್ಸಬಾಯಾರು ಗೋಡೆಯ ಮರೆಯಲ್ಲಿದ್ದರು. ನಾನು ಮನೆಯ ಗೇಟು ಮುಟ್ಟಿದ ಕೂಡಲೇ ಅವರು ಬಂದು ಎತ್ತಬೇಕೆಂದು ಮಾತು.

ಆದರೆ ಎದುರು ಮನೆಗೆ ಹೊಸದಾಗಿ ಬಂದಿದ್ದ ಓಮಾನಿ ಅಜ್ಜಿ ಆ ಹೊತ್ತಿಗೇ ಕಸ ಹಾಕಲು ಬರಬೇಕೆ? "ಹರಾಮ್! ಹರಾಮ್!" ಎಂಬ ಚೀರು ಕೇಳಿ ಪದ್ಧತಿ ಗಿದ್ಧತಿ ಎಲ್ಲ ಮರೆತು ತಿರುಗಿದೆ. ಅಜ್ಜಿ ಕಸದ ಚೀಲ ಎಸೆದು, ಮೊರಕ್ಕೆ ಕೈ ಹಾಕಲು ಬಾಗಿದ್ದಳು. ಗೋಡೆಯ ಮರೆಯಿಂದ ನರ್ಸಬಾಯಾರು ಓಡಿದರು. ಆ ವಯಸ್ಸಿನಲ್ಲಿ ಆ ಓಟ! ಬಿಳಿ ಬೂಟು ಧೂಳೆಬ್ಬಿಸುತ್ತ, ಸೆರಗು ಹಾರಿಸುತ್ತ, ಅಜ್ಜಿಯ ಕೈ ತಾಗುವ ಮುಂಚೆ ಕೂಸನ್ನು ಬಾಚಿ ಎದೆಗೆ ಅವಚಿಕೊಂಡರು.

ಅಜ್ಜಿ ಬಿಡಲಿಲ್ಲ. ಅವಳ ಕಣ್ಣಲ್ಲಿ ಇವರು ಯಾರೋ ಕೂಸು ಕದಿಯುವ ಹೆಂಗಸು. ತೋಳು ಹಿಡಿದು ಅರಬ್ಬಿಯಲ್ಲಿ ಗದ್ದಲ ಎಬ್ಬಿಸಿದಳು. ಯಾರ ಕೂಸು ಇದು? ಇಲ್ಲಿ ಎಸೆದವರು ಯಾರು? ನರ್ಸಬಾಯಾರಿಗೆ ಅರಬ್ಬಿ ಚೆನ್ನಾಗಿಯೇ ಬರುತ್ತಿತ್ತು, ಆದರೆ ಏದುಸಿರಿನಲ್ಲಿ "ನಮ್ಮದು, ನಮ್ಮದು" ಎಂದು ಕನ್ನಡದಲ್ಲೇ ತೊದಲುತ್ತಿದ್ದರು. ನಾನೂ ನನ್ನ ಗಂಡನೂ ಓಡುತ್ತಿದ್ದೆವು. ಅಜ್ಜಿ ಅವರ ಮುಖಕ್ಕೆ ಬೆರಳು ತಂದು ಕೇಳಿದಳು. "ಇಸ್ಮೊ? ಇಸ್ಮೊ?" ನಿನ್ನದೇ ಕೂಸಾದರೆ ಹೆಸರು ಹೇಳು ನೋಡೋಣ!

"ಗೊಟ್ಲೀಬ್!" ಅಂದರು ನರ್ಸಬಾಯಾರು.

ಅಂದದ್ದಲ್ಲ, ಕೂಗಿದ್ದು. ಗ್ಯಾರೇಜಿನ ತಗಡಿನ ಬಾಗಿಲುಗಳಿಗೆ ಬಡಿದು ಅದು ತಿರುಗಿ ಬಂತು. ಆಮೇಲೆ ತಾವು ಏನು ಮಾಡಿದೆವೆಂದು ಅವರಿಗೇ ಗೊತ್ತಾಗಿ, ಒಂದು ಕೈಯಿಂದ ಬಾಯಿ ಮುಚ್ಚಿಕೊಂಡರು. ಜೀವಮಾನದಲ್ಲಿ ಮೊದಲನೆಯ ಸಲ ಗಂಡನ ಹೆಸರು ಬಾಯಿಂದ ಬಂದಿತ್ತು, ಅದೂ ಮಬೇಲಾದ ಕಸದ ಡಬ್ಬಿಯ ಮುಂದೆ. "ಅಲ್ಲಲ್ಲ! ತಿಪ್ಪಣ್ಣ… ತಿಪ್ಪಣ್ಣ ಅನ್ನಬೇಕಿತ್ತು… ಯವ್ವಾ, ತಪ್ಪಿ ಬಂತವಾ!" ಎಂದು ಗಳಗಳ ಅಳತೊಡಗಿದರು. ಕೂಸೂ ಅಳುತ್ತಿತ್ತು, ನಾನೂ ಅಳುತ್ತಿದ್ದೆ. ಅಜ್ಜಿ ಮೂವರನ್ನೂ ನೋಡಿ, ಇವರಿಗೆ ತಲೆ ಸರಿಯಿಲ್ಲ ಎಂದುಕೊಂಡಿರಬೇಕು. ನನ್ನ ಗಂಡ ಹೇಗೋ ತನಗೆ ಬಂದಷ್ಟು ಅರಬ್ಬಿಯಲ್ಲಿ ವಿವರಿಸಿದ. ಎಲ್ಲ ತಿಳಿದ ಮೇಲೆ ಅಜ್ಜಿ ಮನೆಯೊಳಗೆ ಹೋಗಿ ಖರ್ಜೂರದ ತಟ್ಟೆ ತಂದಳು, ಕೂಸಿನ ಹಣೆಯ ಮೇಲೆ ಕೈಯಿಟ್ಟು ಏನೋ ಮಣಮಣ ಪ್ರಾರ್ಥಿಸಿದಳು.

ಆದರೆ ನಿಜವಾದ ಕೋರ್ಟು ಗದಗಿನಲ್ಲಿತ್ತು. ಫೋನು ಹಚ್ಚಿದಾಗ ನರ್ಸಬಾಯಾರು ಪಕ್ಕದಲ್ಲೇ ಸೆರಗಿನ ತುದಿ ತಿರುವುತ್ತ ನಿಂತಿದ್ದರು. ಅತ್ತೆ ಬೇಡವೆಂದರೆ ಆಯಿತು, ಹೆಸರಿನ ಕತೆ ಅಲ್ಲಿಗೆ ಮುಗಿಯಿತು. ನಾನು ನಡೆದದ್ದನ್ನೆಲ್ಲ ಹೇಳಿದೆ. ಆ ಕಡೆ ಸದ್ದಿಲ್ಲ. ನಮ್ಮತ್ತೆ ಸುಮ್ಮನಿರುವುದೆಂದರೆ ಅಂಜಿಕೆಯೇ.

"ಏನಂತ ಕರದ್ಲು?"

ಹೇಳಿದೆ. ಇನ್ನೊಮ್ಮೆ ಹೇಳಿಸಿಕೊಂಡರು. "ಅರ್ಥ ಏನು?"

"ದೇವರಿಗೆ ಪ್ರೀತಿ ಆದಾಂವ ಅಂತರೀ."

"ಯಾವ ದೇವರಿಗೆ?"

"ಅದನ್ನ ಹೇಳಿಲ್ಲರೀ."

ಅತ್ತೆ ಗಂಟಲು ಸರಿಮಾಡಿಕೊಂಡರು. "ಹಂಗಾರ ನಮ್ಮ ಶಿವಗೂ ನಡೀತೈತಿ. ಎತ್ತಿದಾಕಿ ಕರದದ್ದ ಹೆಸರು, ಅದರಾಗ ನಾ ಯಾರು ಬದಲ ಮಾಡಾಕ? ಮಾತು ಆಡಿದರ ಹೋತು, ಮುತ್ತು ಒಡದರ ಹೋತು. ಖಲಾಸ್!" ಸ್ವಲ್ಪ ಬಿಟ್ಟು, "ಆ ನರ್ಸಬಾಯಿಗೆ ಹೇಳು, ಕೂಸಿನ್ನ ಛಲೋ ಎತ್ಯಾಳ," ಅಂದರು.

ನರ್ಸಬಾಯಾರು ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತರು. ಹಾಲು ಕುಡಿದಷ್ಟು ಸಂತೋಷ ಅಂತಾರಲ್ಲ, ಅದನ್ನು ನಾನು ಒಬ್ಬರ ಮುಖದಲ್ಲಿ ಕಣ್ಣಾರೆ ಕಂಡೆ. ನನ್ನ ಗಂಡನಿಗೂ ಒಳಗೊಳಗೇ ಸಮಾಧಾನ. "ತಿಪ್ಪಣ್ಣಗಿಂತ ಪಾಡು," ಅಂದು ಪಾಸ್‌ಪೋರ್ಟಿಗೂ ಅದನ್ನೇ ಬರೆಸಿದ.

ಕೂಸು ಬದುಕಿತು, ಬೆಳೆಯಿತು. ಆದರೆ ನರ್ಸಬಾಯಾರು ಇನ್ನೆಂದೂ ಆ ಹೆಸರು ಆಡಲಿಲ್ಲ. ಗಂಡನ ಹೆಸರಿನ ಹುಡುಗನನ್ನು ಹೆಸರು ಹಿಡಿದು ಕರೆಯುವುದುಂಟೆ? "ಏ ಅಜ್ಜಪ್ಪಾ", "ನಮ್ಮ ಯಜಮಾನ್ರು ಉಂಡ್ರೇನು?" ಹೀಗೇ. ಡ್ಯೂಟಿ ಮುಗಿಸಿ ಸಂಜೆ ಬಂದವರು ಬೂಟು ಬಿಚ್ಚದೆ ನಮ್ಮ ಮೆಟ್ಟಿಲ ಮೇಲೆ ಕೂತು, ಓಣಿಯಲ್ಲಿ ಆಡುತ್ತಿರುವ ಹುಡುಗನನ್ನು ತೋರಿಸಿ, "ಒಮ್ಮೆ ಕರಿಯವಾ ಅಂವನ್ನ," ಅನ್ನುವರು. ಕರೆಯುತ್ತಿದ್ದೆ. "ಜೋರಾಗಿ ಕರಿ." ಜೋರಾಗಿ ಕರೆಯುತ್ತಿದ್ದೆ. ಅವನು "ಕಮಿಂಗ್ ಮಮ್ಮೀ" ಎಂದು ಅಲ್ಲಿಂದಲೇ ಕೂಗುವನು. ಅವರು ಕಣ್ಣು ಮುಚ್ಚಿ ಕೇಳಿಸಿಕೊಳ್ಳುವರು. ಶಾಲೆಯಲ್ಲಿ ಯಾರೋ "ಆರ್ ಯೂ ಜರ್ಮನ್?" ಅಂದದ್ದಕ್ಕೆ ಅವನು "ನೋ, ಬೆಟಗೇರಿ" ಅಂದು ಬಂದನೆಂದು ಕೇಳಿದ ದಿನ ಇಡೀ ಕಟ್ಟಡಕ್ಕೆ ಕೇಸರಿಬಾತು ಹಂಚಿದರು.

ಆ ದಶಕದ ಕೊನೆಗೆ ಅವರು ನಿವೃತ್ತರಾಗಿ ಬೆಟಗೇರಿಗೆ ಹೋದರು. ವಿಮಾನ ನಿಲ್ದಾಣದಲ್ಲಿ ಅಳಲಿಲ್ಲ; ಸಾಮಾನಿನ ತೂಕ ಹೆಚ್ಚಾಯಿತೆಂದ ಅಧಿಕಾರಿಯ ಜೊತೆ ಜಗಳವಾಡುತ್ತ ಒಳಗೆ ಹೋದರು. ಕೆಲವು ವರ್ಷ ಫೋನು, ರಜೆಯಲ್ಲಿ ಭೇಟಿ… ಆಮೇಲೊಂದು ಮಳೆಗಾಲದಲ್ಲಿ ಅವರ ಮಗಳು ಫೋನು ಮಾಡಿ, ಅವ್ವ ಹೋದಳು ಅಂದಳು. ನನಗೆ ಹೋಗಲಾಗಲಿಲ್ಲ. ಅವರನ್ನು ಗಂಡನ ಪಕ್ಕದಲ್ಲೇ ಇಟ್ಟರಂತೆ.

ಈಗ ಊರಿಗೆ ಹೊರಟದ್ದೂ ಆ ಮಗಳ ಫೋನಿನಿಂದಲೇ. ಅವಳ ಹಿರಿಯ ಮಗನಿಗೆ ಮದುವೆಯಾಗಿ, ಗಂಡು ಹುಟ್ಟಿತ್ತು. ಫೋನಿನಲ್ಲಿ ಅದೂ ಇದೂ ಮಾತಾಡಿ, ತಡವರಿಸಿ ಕೇಳಿದಳು. "ಅಕ್ಕಾರ, ಆ ಹೆಸರು ನಾವು ಇಡಬಹುದೇನ್ರೀ? ಮಗಾನ ಹಟ ಹಿಡದಾನ, ಅಜ್ಜಿಗ ಆಸೆ ಇತ್ತು, ನೀ ಆಗ ಬ್ಯಾಡ ಅಂದಿ ಅಂತ. ಅವ್ವ ಅದನ್ನ ನಿಮ್ಮನಿಗೆ ಕೊಟ್ಟುಬಿಟ್ಟಾಳ, ನಿಮ್ಮನ್ನ ಕೇಳದ ಹೆಂಗ ಇಡೂದು?" "ನಿಮ್ಮದನ್ನ ನಿಮಗ ಕೊಡಾಕ ನಾ ಯಾರ್ರೀ?" ಅಂದೆ. ಮೂವರೂ ಬರಲೇಬೇಕೆಂದು ಅವಳು ಪಟ್ಟು ಹಿಡಿದಳು.

ಹೋದೆವು. ಚರ್ಚಿನಲ್ಲಿ ದೀಕ್ಷಾಸ್ನಾನ ಮುಗಿಸಿ ಹುಬ್ಬಳ್ಳಿಯ ಅವರ ಮನೆಯ ಅಂಗಳದಲ್ಲಿ ಊಟಕ್ಕೆ ಕೂತಿದ್ದೆವು. ನನ್ನ ಮಗ, ಈಗ ಮೀಸೆ ಬಂದ ಕಾಲೇಜು ಹುಡುಗ, ಎರಡನೆಯ ಹೋಳಿಗೆ ತಿನ್ನುತ್ತಿದ್ದ. ಒಳಗಿನಿಂದ ಯಾರೋ ಫೋಟೋಕ್ಕಾಗಿ ಕೂಸನ್ನು ತರಲು ಕೂಗಿದರು.

"ಏ, ಗೊಟ್ಲೀಬನ್ನ ಕರಕೊಂಡು ಬರ್ರೀ!"

ನನ್ನ ಮಗ ಎಂಜಲು ಕೈಯಲ್ಲೇ ಎದ್ದು ನಿಂತ. "ಹಾಂ, ಬಂದೆ!"

ಇಡೀ ಅಂಗಳ ಗೊಳ್ಳೆಂದು ನಕ್ಕಿತು. ನಿನ್ನನ್ನಲ್ಲೋ, ಸಣ್ಣಾಂವನ್ನ ಅಂತ ಯಾರೋ ಅವನ ಬೆನ್ನಿಗೆ ಗುದ್ದಿದರು. ನರ್ಸಬಾಯಾರ ಮಗಳು ಕೂಸನ್ನು ತಂದು ಅವನ ಪಕ್ಕದಲ್ಲಿ ಹಿಡಿದಳು. ಇಬ್ಬರನ್ನೂ ಸೇರಿಸಿ ಫೋಟೋ ತೆಗೆದರು. ಎಲ್ಲರ ಜೊತೆ ನಾನೂ ನಗಲು ಹೋಗಿ, ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ. ಹೆಸರು ಒಂದು, ಕರೆದರೆ ಇಬ್ಬರು ಇದ್ದರು. ಇದನ್ನು ಕೇಳಬೇಕಾದವರು ಅಲ್ಲಿರಲಿಲ್ಲ.